ತಪಸ್ಸು ಕಾಲಕ್ಕೆ ತೂಕದ ಸ್ಪರ್ಧೆ ಬೇಡ



ಈ ಸಲದ ತಪಸ್ಸು ಕಾಲಕ್ಕೆ ನಮ್ಮ ಯುವಜನರ ಸಭೆಯಲ್ಲಿ ಒಂದು ಸಲಹೆ ಬಂದಿದೆ. ಬೂದಿ ಬುಧವಾರದಂದು ಹೆಸರು ಕೊಟ್ಟವರೆಲ್ಲ ಚರ್ಚ್ ಹಾಲ್‌ನಲ್ಲಿ ತೂಕ ನೋಡಿಸಿಕೊಳ್ಳುವುದು, ಈಸ್ಟರಿನ ಮುನ್ನಾದಿನ ಇನ್ನೊಮ್ಮೆ ನೋಡಿಸಿಕೊಳ್ಳುವುದು, ಅತಿ ಹೆಚ್ಚು ಕಿಲೋ ಇಳಿಸಿದವರಿಗೆ ಹಬ್ಬದ ದಿನ ಬಹುಮಾನ ಕೊಡುವುದು. "ಉಪವಾಸವೂ ಆಯಿತು, ಫಿಟ್‌ನೆಸ್ಸೂ ಆಯಿತು" ಎಂಬುದು ಇದರ ಹಿಂದಿರುವ ಯೋಚನೆ. ಸಲಹೆ ಕೊಟ್ಟವರ ಮನಸ್ಸು ಒಳ್ಳೆಯದೇ. ಚಪ್ಪಾಳೆ ತಟ್ಟಿದವರೂ ಬಹಳ ಮಂದಿ. ಆದರೂ ನಾನು ಇದನ್ನು ಒಪ್ಪುವುದಿಲ್ಲ. ಸಭೆಯಲ್ಲಿ ಎದ್ದು ನಿಂತು ಎರಡು ನಿಮಿಷ ಮಾತಾಡಿದರೆ ಜಗಳವಾಗುತ್ತದೆಯೇ ಹೊರತು ವಿಷಯ ತಲುಪುವುದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಈ ಸ್ಪರ್ಧೆಯ ಬುಡದಲ್ಲಿ ಒಂದು ನಂಬಿಕೆ ಇದೆ. ದಪ್ಪಗಿರುವವರು ಮನಸ್ಸು ಗಟ್ಟಿ ಮಾಡಿದರೆ ಸಣ್ಣಗಾಗುತ್ತಾರೆ, ಒಮ್ಮೆ ಸಣ್ಣಗಾದವರು ಮತ್ತೆ ದಪ್ಪಗಾದರೆ ಅದಕ್ಕೆ ಅವರ ಸೋಮಾರಿತನವೇ ಕಾರಣ, ಬಾಯಿ ಕಟ್ಟಲು ಬಾರದ್ದೇ ಕಾರಣ ಎಂಬ ನಂಬಿಕೆ. ನಮ್ಮ ಮನೆಗಳಲ್ಲಿ, ಮದುವೆ ರೋಸ್ ಕಾರ್ಯಕ್ರಮಗಳಲ್ಲಿ, ಪೂಜೆ ಮುಗಿದು ಹೊರಗೆ ನಿಂತು ಮಾತಾಡುವಾಗ ಕೇಳಿಬರುವುದು ಇದೇ. ಈ ನಂಬಿಕೆ ತಪ್ಪು. ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿದರೆ ಯಾಕೆ ತಪ್ಪು ಎಂದು ತಿಳಿಯುತ್ತದೆ.

ಅರ್ಧ ಲೆಕ್ಕ

ತಿನ್ನುವುದನ್ನು ಕಡಿಮೆ ಮಾಡಿದರೆ ತೂಕ ಇಳಿಯುತ್ತದೆ. ಬಿಎಸ್ಸಿ ಓದಿದವನಾಗಿ ನಾನು ಇದನ್ನು ಅಲ್ಲಗಳೆಯುವುದಿಲ್ಲ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಇರುತ್ತದೆ. ಹಾಗಾದರೆ ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದವರು ಹದಿನೈದು ದಿನಕ್ಕೆ ಒಂದು ಕಿಲೋ, ವರ್ಷಕ್ಕೆ ಸುಮಾರು 24 ಕಿಲೋ ಇಳಿಯಬೇಕು. ಜಿಮ್‌ನವರು ಕೊಡುವ ಲೆಕ್ಕ ಇದು. ಹಾಗೆ ವರ್ಷವಿಡೀ ಒಂದೇ ಸಮನೆ ಇಳಿದವರನ್ನು ನೀವು ನೋಡಿದ್ದೀರಾ?

ಇಳಿಯದಿರುವುದಕ್ಕೆ ಕಾರಣವಿದೆ. ಅಕ್ಕಿ ಗೋಣಿಯಿಂದ ಎರಡು ಸೇರು ತೆಗೆದರೆ ಗೋಣಿ ಸುಮ್ಮನಿರುತ್ತದೆ. ದೇಹದಿಂದ ತೆಗೆದರೆ ದೇಹ ಸುಮ್ಮನಿರುವುದಿಲ್ಲ. ಒಂದು ಕಡೆ ಖರ್ಚು ಕಡಿಮೆ ಮಾಡುತ್ತದೆ, ಇನ್ನೊಂದು ಕಡೆ ಹಸಿವು ಹೆಚ್ಚಿಸುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಅವರ ತಂಡ 2016ರಲ್ಲಿ ಇದಕ್ಕೆ ಅಂದಾಜು ಅಂಕಿ ಕೊಟ್ಟರು. ಇಳಿದ ಪ್ರತಿ ಒಂದು ಕಿಲೋಗೆ ದೇಹದ ದಿನದ ಖರ್ಚು 20ರಿಂದ 30 ಕ್ಯಾಲೊರಿಯಷ್ಟು ಕಡಿಮೆಯಾಗುತ್ತದೆ. ಅದೇ ಒಂದು ಕಿಲೋಗೆ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ.

ಹತ್ತು ಕಿಲೋ ಇಳಿಸಿದವಳೊಬ್ಬಳನ್ನು ತೆಗೆದುಕೊಳ್ಳಿ. ಅವಳ ದೇಹ ಈಗ ಮೊದಲಿಗಿಂತ ದಿನಕ್ಕೆ 200-300 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತದೆ. ಆದರೆ ಅವಳ ಹಸಿವು ಮೊದಲಿಗಿಂತ ಸುಮಾರು 1,000 ಕ್ಯಾಲೊರಿ ಹೆಚ್ಚು ಕೇಳುತ್ತದೆ. ಸಂಬಳ ಕಡಿಮೆಯಾಗಿ ಮನೆಯಲ್ಲಿ ಉಣ್ಣುವವರು ಹೆಚ್ಚಾದ ಹಾಗೆ. ಇದನ್ನು ಒಂದು ದಿನ ತಡೆಯಬಹುದು, ನಲವತ್ತು ದಿನವೂ ತಡೆಯಬಹುದು. ಅವಳು ತಡೆಯಬೇಕಾಗಿರುವುದು ವರ್ಷಗಟ್ಟಲೆ, ದಿನಕ್ಕೆ ಮೂರು ಹೊತ್ತು, ನೀವು ನೀರುದೋಸೆಗೆ ಕೋಳಿ ಸಾರು ಹಾಕಿಕೊಂಡು ಎದುರು ಕುಳಿತಿರುವಾಗ.

ಮಿನ್ನೆಸೋಟದ 36 ಯುವಕರು

"ಮನಸ್ಸು ಗಟ್ಟಿ ಇಲ್ಲ" ಎನ್ನುವವರಿಗೆ ನಾನು ಹೇಳಬೇಕೆಂದಿರುವುದು ಒಂದು ಹಳೆಯ ಪ್ರಯೋಗದ ಕಥೆ. ಎರಡನೇ ಮಹಾಯುದ್ಧದ ಕೊನೆಯ ಕಾಲ, 1944. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರ ಮೇಲೆ ಹಸಿವಿನ ಅಧ್ಯಯನ ಶುರು ಮಾಡಿದರು. ಯುರೋಪಿನಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಅವರನ್ನು ಮತ್ತೆ ಚೇತರಿಸಿಕೊಳ್ಳುವಂತೆ ಮಾಡುವುದು ಹೇಗೆ ಎಂದು ತಿಳಿಯಬೇಕಿತ್ತು.

ಆ 36 ಮಂದಿ ಯಾರು ಗೊತ್ತೇ? ಯುದ್ಧದಲ್ಲಿ ಕೊಲ್ಲುವುದು ನಮ್ಮ ಆತ್ಮಸಾಕ್ಷಿಗೆ ವಿರುದ್ಧ ಎಂದು ಬಂದೂಕು ಹಿಡಿಯಲು ಒಪ್ಪದವರು. ಬ್ರೆದ್ರೆನ್, ಕ್ವೇಕರ್, ಮೆನ್ನೊನೈಟ್ ಸಭೆಗಳಿಂದ ಬಂದವರು ಅವರಲ್ಲಿ ಅನೇಕರು. ಹಸಿದವರಿಗೆ ಉಪಕಾರವಾಗಲಿ ಎಂದು ತಾವಾಗಿಯೇ ಮುಂದೆ ಬಂದರು. ಇಡೀ ದೇಶ ಯುದ್ಧಕ್ಕೆ ಹೊರಟಾಗ ಒಬ್ಬಂಟಿಯಾಗಿ ಬೇಡ ಎಂದವರಿಗೆ ಮನೋಬಲ ಕಡಿಮೆ ಎಂದು ಹೇಳಲು ಯಾರಿಗಾದರೂ ಬಾಯಿ ಬರುತ್ತದೆಯೇ?

ಅವರಿಗೆ 24 ವಾರಗಳ ಕಾಲ ಮೊದಲು ತಿನ್ನುತ್ತಿದ್ದದ್ದರ ಸುಮಾರು ಅರ್ಧದಷ್ಟು ಆಹಾರ ಕೊಟ್ಟರು. ಅದರ ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡೆಯಬೇಕಿತ್ತು. ತೂಕದಲ್ಲಿ ಸುಮಾರು ಕಾಲು ಭಾಗ ಇಳಿಯಿತು. ಸುಮ್ಮನೆ ಮಲಗಿರುವಾಗ ದೇಹ ಮಾಡುವ ಖರ್ಚು ಶೇಕಡಾ 40ರಷ್ಟು ಕುಸಿಯಿತು. ನಾಡಿ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿಯಾಗತೊಡಗಿತು. ಅವರ ಮನಸ್ಸಿನಲ್ಲಿ ಊಟದ ವಿನಾ ಬೇರೆ ಯೋಚನೆಯೇ ಉಳಿಯಲಿಲ್ಲ. ಅಡುಗೆಯಲ್ಲಿ ಆಸಕ್ತಿಯೇ ಇಲ್ಲದ ಹುಡುಗರು ಅಡುಗೆ ಪುಸ್ತಕಗಳನ್ನು ಕೂಡಿಹಾಕಿ ಓದುತ್ತಿದ್ದರು. ತಟ್ಟೆ ನೆಕ್ಕುತ್ತಿದ್ದರು. ಊಟ ಬೇಗ ಮುಗಿಯಬಾರದೆಂದು ಗಂಟೆಗಟ್ಟಲೆ ಎಳೆಯುತ್ತಿದ್ದರು.

ಪ್ರಯೋಗ ಮುಗಿದು ಬೇಕಾದಷ್ಟು ತಿನ್ನಬಹುದು ಎಂದಾಗ ಏನಾಯಿತು? ಹೊಟ್ಟೆ ಬಿರಿಯುವಷ್ಟು ತಿಂದ ಮೇಲೂ ಹಸಿವು ನಿಲ್ಲಲಿಲ್ಲ ಎಂದು ಹಲವರು ಹೇಳಿದರು. ತೂಕ ಮರಳಿತು. ಮೈಕೊಬ್ಬು ಮೊದಲಿದ್ದದ್ದಕ್ಕಿಂತಲೂ ಹೆಚ್ಚಾಯಿತು. ಗುಣವಂತ, ಶಿಸ್ತಿನ, ಆರೋಗ್ಯವಂತ ಯುವಕರೇ ಹೀಗಾದರು. ಹೀಗಿರುವಾಗ ನಿಮ್ಮ ಅತ್ತಿಗೆ ಡಯಟ್ ಬಿಟ್ಟ ಮೂರನೇ ತಿಂಗಳಿಗೆ ಮತ್ತೆ ಹಳೇ ತೂಕಕ್ಕೆ ಬಂದದ್ದು ನಗುವ ವಿಷಯ ಹೇಗಾಗುತ್ತದೆ?

ಒಳಗಿನ ಕಾವಲುಗಾರರು

ದೇಹ ಹೀಗೇಕೆ ಮಾಡುತ್ತದೆ ಎಂಬುದು ಆಗ ಪೂರ್ತಿ ತಿಳಿದಿರಲಿಲ್ಲ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿಯಿತು. ಇದನ್ನು ತಯಾರಿಸುವುದು ಕೊಬ್ಬಿನ ಕೋಶಗಳೇ. ಕೊಬ್ಬು ಎಷ್ಟಿದೆ ಎಂದು ಅವು ಮಿದುಳಿಗೆ ವರದಿ ಕಳಿಸುತ್ತವೆ. ಕೊಬ್ಬು ಇಳಿದರೆ ಲೆಪ್ಟಿನ್ ಇಳಿಯುತ್ತದೆ. ಆಗ ಮಿದುಳು "ಬರಗಾಲ ಬಂತು" ಎಂದು ತಿಳಿಯುತ್ತದೆ. ನೀವು ಬೇಕೆಂದೇ ಡಯಟ್ ಮಾಡುತ್ತಿದ್ದೀರಿ, ಮೇ ತಿಂಗಳಲ್ಲಿ ಅಣ್ಣನ ಮದುವೆ ಇದೆ ಎಂಬುದು ಮಿದುಳಿನ ಆ ಭಾಗಕ್ಕೆ ಗೊತ್ತಾಗುವುದಿಲ್ಲ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗ್ರೆಲಿನ್ ಎಂಬ ಇನ್ನೊಂದು ಹಾರ್ಮೋನನ್ನು ಗುರುತಿಸಿದರು. ಇದು ಮುಖ್ಯವಾಗಿ ಜಠರದಿಂದ ಹೊರಡುತ್ತದೆ, ಹಸಿವು ಹುಟ್ಟಿಸುತ್ತದೆ. ತೂಕ ಇಳಿದಾಗ ಇದು ಏರುತ್ತದೆ.

ಸ್ವಲ್ಪ ದಿನದಲ್ಲಿ ಎಲ್ಲ ಸರಿಹೋಗಬಹುದಲ್ಲ ಎಂದು ಕೇಳಬಹುದು. ಮೆಲ್ಬರ್ನ್ ವಿಶ್ವವಿದ್ಯಾಲಯದವರು ಅದನ್ನೇ ನೋಡಿದರು. ದಪ್ಪಗಿದ್ದ 50 ಮಂದಿಗೆ ಹತ್ತು ವಾರ ಕಟ್ಟುನಿಟ್ಟಿನ ಪಥ್ಯ ಕೊಟ್ಟರು. ಸರಾಸರಿ 13.5 ಕಿಲೋ ಇಳಿಯಿತು. ಒಂದು ವರ್ಷ ಕಳೆದು ಮತ್ತೆ ಪರೀಕ್ಷಿಸಿದಾಗಲೂ ಈ ಹಾರ್ಮೋನುಗಳು ಹಳೇ ಮಟ್ಟಕ್ಕೆ ಬಂದಿರಲಿಲ್ಲ. ಹಸಿವು ಮೊದಲಿಗಿಂತ ಹೆಚ್ಚೇ ಇತ್ತು. 2011ರಲ್ಲಿ ಪ್ರಕಟವಾದ ಅಧ್ಯಯನ ಇದು. ತೂಕ ಮರಳುವುದಕ್ಕೆ ಹಳೇ ಚಾಳಿಯೇ ಕಾರಣ ಎಂದು ಸುಲಭವಾಗಿ ಹೇಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕೊಬ್ಬಿನ ಕೋಶಗಳದ್ದೂ ಒಂದು ಕಥೆ. ಸ್ವೀಡನ್ನಿನ ಸಂಶೋಧಕರು 2008ರಲ್ಲಿ ತೋರಿಸಿದ ಪ್ರಕಾರ, ದೊಡ್ಡವರಾದ ಮೇಲೆ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಪ್ರತಿ ವರ್ಷ ಹತ್ತರಲ್ಲಿ ಒಂದು ಪಾಲು ಸತ್ತು ಅಷ್ಟೇ ಹೊಸದು ಹುಟ್ಟುತ್ತದೆ. ತೂಕ ಇಳಿದಾಗ ಕೋಶಗಳು ಸಾಯುವುದಿಲ್ಲ, ಬತ್ತುತ್ತವೆ. ಬತ್ತಿದ ಕೋಶ ಮತ್ತೆ ತುಂಬಲು ಕಾಯುತ್ತಾ ಕುಳಿತಿರುತ್ತದೆ.

ಇಂಥ ಸ್ಪರ್ಧೆ ಈಗಾಗಲೇ ನಡೆದಿದೆ

ನಾವು ಯೋಚಿಸಿರುವ ಸ್ಪರ್ಧೆ ಹೊಸದೇನಲ್ಲ. ಅಮೆರಿಕದ ಟಿವಿಯಲ್ಲಿ "ದಿ ಬಿಗೆಸ್ಟ್ ಲೂಸರ್" ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ನಡೆಯಿತು. ಹೆಚ್ಚು ತೂಕ ಇಳಿಸಿದವರಿಗೆ ದೊಡ್ಡ ಮೊತ್ತದ ಬಹುಮಾನ. ತರಬೇತುದಾರರು, ವೈದ್ಯರು, ದಿನವಿಡೀ ವ್ಯಾಯಾಮ, ಎಲ್ಲವೂ ಇತ್ತು. ಕೆವಿನ್ ಹಾಲ್ ಅವರ ತಂಡ ಅದರ ಒಂದು ಸೀಸನ್ನಿನ 14 ಸ್ಪರ್ಧಿಗಳನ್ನು ಆರು ವರ್ಷಗಳ ನಂತರ ಹುಡುಕಿ ಪರೀಕ್ಷಿಸಿತು. ಸ್ಪರ್ಧೆಯಲ್ಲಿ ಅವರು ಸರಾಸರಿ 58 ಕಿಲೋ ಇಳಿಸಿದ್ದರು. ಆರು ವರ್ಷಗಳಲ್ಲಿ ಸರಾಸರಿ 41 ಕಿಲೋ ಮರಳಿ ಬಂದಿತ್ತು. ಎಲ್ಲಕ್ಕಿಂತ ಬೇಸರದ ಸಂಗತಿ ಬೇರೆ ಇದೆ. ಅವರ ದೇಹಗಳು, ಅದೇ ವಯಸ್ಸಿನ ಅದೇ ಗಾತ್ರದ ದೇಹಗಳು ಖರ್ಚು ಮಾಡಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿದ್ದವು. ಒಂದು ಹೊತ್ತಿನ ಊಟದಷ್ಟು! ಸ್ಪರ್ಧೆ ಮುಗಿದು ಆರು ವರ್ಷವಾದರೂ ದೇಹ ಅದನ್ನು ಮರೆತಿರಲಿಲ್ಲ.

ಅಷ್ಟೆಲ್ಲ ಹಣ, ವೈದ್ಯರು, ಕ್ಯಾಮರಾ ಇದ್ದೂ ಹೀಗಾದದ್ದನ್ನು ನಾವು ಒಂದು ತಕ್ಕಡಿ, ಒಂದು ಟ್ರೋಫಿ ಇಟ್ಟುಕೊಂಡು ನಲವತ್ತು ದಿನದಲ್ಲಿ ಮಾಡಲು ಹೊರಟಿದ್ದೇವೆ.

ನಮ್ಮ ಸ್ಪರ್ಧೆಯಲ್ಲಿ ಯಾರು ಗೆಲ್ಲುತ್ತಾರೆ ಎಂದೂ ಯೋಚಿಸಿ. ಕಿಲೋ ಲೆಕ್ಕದಲ್ಲಿ ಸ್ಪರ್ಧೆ ಇಟ್ಟರೆ ಅತಿ ದಪ್ಪಗಿರುವ, ಅತಿ ವೇಗವಾಗಿ ಇಳಿಸಿದವರು ಗೆಲ್ಲುತ್ತಾರೆ. ಮೊದಲ ವಾರ ಇಳಿಯುವುದರಲ್ಲಿ ದೊಡ್ಡ ಪಾಲು ನೀರು. ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಮ್ ನೀರು ಸೇರಿಕೊಂಡಿರುತ್ತದೆ. ಅನ್ನ ಬಿಟ್ಟ ಕೂಡಲೇ ದಾಸ್ತಾನು ಕರಗಿ ನೀರು ಹೊರಟುಹೋಗುತ್ತದೆ, ತಕ್ಕಡಿ ಸಂತೋಷಪಡುತ್ತದೆ. ಆಮೇಲೆ ಇಳಿಯುವುದರಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಇರುತ್ತದೆ. ತೀರಾ ವೇಗವಾಗಿ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಹೆಚ್ಚು ಎಂದು ವೈದ್ಯರು ಎಂದಿನಿಂದಲೋ ಹೇಳುತ್ತಿದ್ದಾರೆ. ಕೊನೆಯ ಎರಡು ದಿನ ನೀರು ಕುಡಿಯದೆ ತಕ್ಕಡಿ ಹತ್ತುವ ಹುಡುಗರು ನಮ್ಮಲ್ಲಿ ಇಲ್ಲ ಎಂದು ಯಾರು ಜವಾಬ್ದಾರಿ ತೆಗೆದುಕೊಳ್ಳುತ್ತೀರಿ?

ಮಕ್ಕಳ ವಿಷಯವಂತೂ ಇನ್ನೂ ಗಂಭೀರ. ನಮ್ಮ ಗುಂಪಿನಲ್ಲಿ ಹದಿನೈದು, ಹದಿನಾರು ವರ್ಷದವರಿದ್ದಾರೆ. ಬೆಳೆಯುವ ವಯಸ್ಸು, ಕನ್ನಡಿಯ ಮುಂದೆ ನಿಲ್ಲುವ ವಯಸ್ಸು. ಉಪವಾಸದ ಕಟ್ಟಳೆಯನ್ನು ನಮ್ಮ ಧರ್ಮಸಭೆಯೇ 18 ತುಂಬದವರಿಗೆ ವಿಧಿಸಿಲ್ಲ. 60ನೇ ವರ್ಷಕ್ಕೆ ಕಾಲಿಟ್ಟವರಿಗೂ ವಿಧಿಸಿಲ್ಲ. ಕಾಯಿಲೆಯವರಿಗೆ, ಬಸುರಿಯರಿಗೆ ರಿಯಾಯಿತಿ ಇದೆ. ಧರ್ಮಸಭೆ ತೋರಿಸಿದ ಈ ವಿವೇಕವನ್ನು ಯುವಜನ ಸಂಘ ಮೀರುವುದು ಬೇಡ.

"ನಮ್ಮ ಅಜ್ಜಂದಿರು ದಪ್ಪ ಇರಲಿಲ್ಲವಲ್ಲ?"

ಈ ಪ್ರಶ್ನೆ ಬಂದೇ ಬರುತ್ತದೆ, ನ್ಯಾಯವಾದ ಪ್ರಶ್ನೆಯೇ. ಎಲ್ಲ ದೇಹದ ಆಟವಾದರೆ ಐವತ್ತು ವರ್ಷದ ಹಿಂದೆ ಇಷ್ಟು ಮಂದಿ ಯಾಕೆ ದಪ್ಪ ಇರಲಿಲ್ಲ?

ಅಜ್ಜನ ದೇಹವೂ ನಮ್ಮದೂ ಒಂದೇ. ಬದಲಾದದ್ದು ಸುತ್ತಲಿನದ್ದು. ಅವರು ಅಡಿಕೆ ತೋಟದಲ್ಲಿ ಬೆಳಗಿನಿಂದ ಸಂಜೆವರೆಗೆ ದುಡಿದರು, ಕುಚ್ಚಲಕ್ಕಿ ಗಂಜಿಗೆ ಒಣಮೀನು ಚಟ್ನಿ ನಂಜಿಕೊಂಡು ಉಂಡರು, ಕುಂಬಳೆ ಪೇಟೆಗೂ ನಡೆದೇ ಹೋದರು. ನಾವು ಬೈಕಿನಲ್ಲಿ ಹೋಗಿ ಪೊರೋಟ, ಬೀಫ್ ಫ್ರೈ, ಮೇಲೊಂದು ತಂಪು ಪಾನೀಯ ಮುಗಿಸಿ ಬರುತ್ತೇವೆ. ಹಸಿವಿನ ಕಾಲಕ್ಕೆ ತಕ್ಕ ಹಾಗೆ ರೂಪುಗೊಂಡ ದೇಹ ಕೊಬ್ಬು ಕಳೆದುಕೊಳ್ಳುವುದಕ್ಕೆ ಬಲವಾಗಿ ಅಡ್ಡ ನಿಲ್ಲುತ್ತದೆ, ಕೂಡಿಸಿಕೊಳ್ಳುವುದಕ್ಕೆ ಅಷ್ಟು ಬಲವಾಗಿ ಅಡ್ಡ ನಿಲ್ಲುವುದಿಲ್ಲ. ಹಾಗಾಗಿ ಏರುವುದು ಸುಲಭ, ಇಳಿಯುವುದು ಕಷ್ಟ.

ಅದೇ ಪೊರೋಟ ತಿಂದರೂ ಒಬ್ಬ ಕಡ್ಡಿಯಂತಿರುತ್ತಾನೆ, ಇನ್ನೊಬ್ಬ ದಪ್ಪಗಾಗುತ್ತಾನೆ. ಇಲ್ಲಿ ಹುಟ್ಟಿನ ಪಾಲು ದೊಡ್ಡದು. 1986ರಲ್ಲಿ ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಜೊತೆಗಾರರು ಡೆನ್ಮಾರ್ಕಿನಲ್ಲಿ ದತ್ತು ಹೋದ 540 ಮಂದಿಯ ದಾಖಲೆ ನೋಡಿದರು. ದೊಡ್ಡವರಾದ ಮೇಲೆ ಅವರ ಮೈಕಟ್ಟು ಹೆತ್ತವರನ್ನು ಹೋಲುತ್ತಿತ್ತು, ಅನ್ನ ಹಾಕಿ ಸಾಕಿದವರನ್ನು ಹೋಲುತ್ತಿರಲಿಲ್ಲ. ಇದರ ಮೇಲೆ ಥೈರಾಯ್ಡ್ ಕಡಿಮೆ ಇರುವವರು, ಪಿಸಿಒಡಿ ಇರುವ ಹುಡುಗಿಯರು, ಕೆಲವು ಔಷಧಿಗಳನ್ನು ತೆಗೆದುಕೊಳ್ಳಲೇಬೇಕಾದವರು ಇದ್ದಾರೆ. ನಿದ್ದೆಯದ್ದೂ ಪಾತ್ರವಿದೆ. 2004ರ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಯುವಕರಿಗೆ ಬರೀ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟಾಗ ಲೆಪ್ಟಿನ್ ಶೇಕಡಾ 18 ಇಳಿಯಿತು, ಗ್ರೆಲಿನ್ ಶೇಕಡಾ 28 ಏರಿತು. ನಮ್ಮ ಎಷ್ಟು ಮನೆಗಳ ಹೆಣ್ಣುಮಕ್ಕಳು ಮಂಗಳೂರಿನಲ್ಲಿ, ಗಲ್ಫಿನಲ್ಲಿ ನರ್ಸ್ ಆಗಿ ನೈಟ್ ಡ್ಯೂಟಿ ಮಾಡುತ್ತಿದ್ದಾರೆ! ರಜೆಯಲ್ಲಿ ಊರಿಗೆ ಬಂದ ಅವಳಿಗೆ ನಮ್ಮ ಮೊದಲ ಮಾತು ಏನು? "ಏನು ಮಾರಾಯ್ತಿ, ಡ್ರಮ್ ಆಗಿದ್ದೀ?"

ಸಣ್ಣಗಿರುವವರೂ ಹೆಮ್ಮೆಪಡಬೇಕಾಗಿಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಜೊತೆಗೆ ನಿಂತ ಒಂದು ಫೋಟೋ 2004ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದ್ದೂ 22.3. ಮೈಕೊಬ್ಬು ಮಾತ್ರ ಲಂಡನ್ನಿನವರಿಗೆ ಶೇಕಡಾ 9.1, ನಮ್ಮವರಿಗೆ ಶೇಕಡಾ 21.2. ಭಾರತೀಯರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ, ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ. ಸ್ಪರ್ಧೆಗೆ ಹೆಸರು ಕೊಡದೆ ಪಕ್ಕದಲ್ಲಿ ನಿಂತು ನಗುವ ಸಣ್ಣ ಮೈಯವನ ರಕ್ತ ಪರೀಕ್ಷೆ ಮಾಡಿಸಿದರೆ ಬೇರೆಯೇ ಕಥೆ ಹೇಳೀತು.

ಹೊಟ್ಟೆಬಾಕತನದ ಮಾತು

ಹೊಟ್ಟೆಬಾಕತನ ಏಳು ಮೂಲಪಾಪಗಳಲ್ಲಿ ಒಂದು, ಆದ್ದರಿಂದ ತಪಸ್ಸು ಕಾಲದಲ್ಲಿ ತೂಕ ಇಳಿಸುವುದು ಸರಿ ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಪೋಪ್ ಮಹಾ ಗ್ರೆಗರಿ ಈ ಪಾಪದ ಐದು ಬಗೆ ಹೇಳಿದ್ದಾರೆ: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯದ್ದೇ ಬೇಕೆನ್ನುವುದು, ರುಚಿಗೆಂದು ಅತಿಯಾಗಿ ಅಡುಗೆಯ ಹಟ ಮಾಡುವುದು, ಮಿತಿ ಮೀರಿ ತಿನ್ನುವುದು, ಗಬಗಬನೆ ಆಸೆಬುರುಕರಂತೆ ತಿನ್ನುವುದು. ಐದರಲ್ಲಿ ಒಂದರಲ್ಲೂ ಸೊಂಟದ ಸುತ್ತಳತೆ ಇಲ್ಲ. ಮದುವೆಯಲ್ಲಿ ಮೂರು ಸಲ ಪೋರ್ಕ್ ಬಡಿಸಿಕೊಂಡು ಅರ್ಧ ಚೆಲ್ಲುವ ಸಣಕಲನನ್ನು ಯಾರೂ ಹೊಟ್ಟೆಬಾಕ ಎನ್ನುವುದಿಲ್ಲ. ಎರಡು ಸನ್ನ ತಿಂದು ಕೈತೊಳೆದ ದಪ್ಪ ಹೆಂಗಸನ್ನು ಮಾತ್ರ ಎಲ್ಲರ ಕಣ್ಣೂ ಹಿಂಬಾಲಿಸುತ್ತದೆ.

ಉಪವಾಸ ಮಾಡುವಾಗ ಜನರಿಗೆ ತೋರಿಸಿಕೊಳ್ಳಬೇಡಿ ಎಂದು ಪರ್ವತ ಪ್ರಸಂಗದಲ್ಲಿ ಯೇಸು ಕಲಿಸಿದ್ದನ್ನು ನಾವು ಪ್ರತಿ ಬೂದಿ ಬುಧವಾರ ಕೇಳುತ್ತೇವೆ. ಅದೇ ದಿನ ಹಾಲ್‌ನಲ್ಲಿ ತಕ್ಕಡಿ ಇಟ್ಟು ಕ್ಯೂ ನಿಲ್ಲಿಸುವುದು ಯಾವ ನ್ಯಾಯ?

ಮಾರುವವರ ಲಾಭ

ಈ ಸ್ಪರ್ಧೆಗೆ "ಸ್ಪಾನ್ಸರ್" ಸಿಗುತ್ತಾರೆ ಎಂದೂ ಹೇಳಿದ್ದಾರೆ. ಪುಡಿ ಕಲಸಿ ಕುಡಿಸಿ ತಿಂಗಳಿಗೆ ಇಷ್ಟು ಕಿಲೋ ಎಂದು ಲೆಕ್ಕ ಕೊಡುವವರು ನಮ್ಮ ಊರಿನ ಪೇಟೆಗಳಿಗೂ ಬಂದಿದ್ದಾರೆ. ಅವರ ವ್ಯಾಪಾರದ ಗುಟ್ಟು ಸರಳ. ಇಳಿದರೆ ಪುಡಿಯ ಮಹಿಮೆ, ಮತ್ತೆ ಏರಿದರೆ ನಿಮ್ಮ ತಪ್ಪು. ತಪ್ಪು ನಿಮ್ಮದಾದರೆ ಮತ್ತೆ ಡಬ್ಬಿ ಕೊಳ್ಳುವವರೂ ನೀವೇ. ತೂಕ ಮರಳುವುದು ದೇಹದ ಗುಣ ಎಂದು ಜನರಿಗೆ ತಿಳಿದರೆ ಅವರ ಅಂಗಡಿ ನಡೆಯುವುದಿಲ್ಲ. "ಮುಂಚೆ-ಆಮೇಲೆ" ಫೋಟೋ ಹಾಕುತ್ತಾರಲ್ಲ, ಮೂರು ವರ್ಷದ ನಂತರದ ಫೋಟೋ ಕೇಳಿ ನೋಡಿ.

ಹೊಸ ಇಂಜೆಕ್ಷನ್ನುಗಳ ಬಗ್ಗೆಯೂ ಕೇಳುತ್ತೀರಿ. ಸೆಮಾಗ್ಲುಟೈಡ್‌ನಂಥ ಔಷಧಿ ಕರುಳಿನ ಒಂದು ಹಾರ್ಮೋನನ್ನು ಅನುಕರಿಸಿ ಹಸಿವು ತಗ್ಗಿಸುತ್ತದೆ. 2021ರ ದೊಡ್ಡ ಪರೀಕ್ಷೆಯಲ್ಲಿ 68 ವಾರಕ್ಕೆ ಸರಾಸರಿ ಶೇಕಡಾ 15ರಷ್ಟು ತೂಕ ಇಳಿಯಿತು. ಔಷಧಿ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿತು. ಬೇಕೋ ಬೇಡವೋ ಎಂಬುದನ್ನು ವೈದ್ಯರು ನಿರ್ಧರಿಸಲಿ. ನಾವು ಕಲಿಯಬೇಕಾದದ್ದು ಇಷ್ಟು: ಹಾರ್ಮೋನು ಬದಲಾದರೆ ಹಸಿವು ಬದಲಾಗುತ್ತದೆ, ಹಸಿವು ಬದಲಾದರೆ ತೂಕ ಬದಲಾಗುತ್ತದೆ. ಇಂಜೆಕ್ಷನ್ನಿನಿಂದ ಅವರ ಗುಣನಡತೆ ಸುಧಾರಿಸಿ ಸಣ್ಣಗಾದರು ಎಂದು ಯಾರೂ ಹೇಳಲಾರರು.

ಹಾಗಾದರೆ ಕೈಕಟ್ಟಿ ಕೂರುವುದೇ?

ಖಂಡಿತ ಅಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ನಮ್ಮ ಮನೆಮನೆಯಲ್ಲೂ ಇದೆ. ಆದರೆ ಗುರಿ ಬದಲಾಗಬೇಕು.

ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಮಂದಿಯನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿತು. ನಡಿಗೆ ಮತ್ತು ಊಟದ ಬದಲಾವಣೆಯಿಂದ ಕಾಯಿಲೆ ಬರುವ ಸಾಧ್ಯತೆ ಶೇಕಡಾ 28.5ರಷ್ಟು ಕಡಿಮೆಯಾಯಿತು. ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ! ತಕ್ಕಡಿ ಅಲ್ಲಾಡದಿದ್ದರೂ ದೇಹಕ್ಕೆ ಲಾಭವಾಗಿತ್ತು. ನಮ್ಮ ಸ್ಪರ್ಧೆಯಲ್ಲಿ ಇವರೆಲ್ಲ ಸೋತವರ ಪಟ್ಟಿಯಲ್ಲಿರುತ್ತಿದ್ದರು. ಅಮೆರಿಕದ ಇಂಥದ್ದೇ ಅಧ್ಯಯನದಲ್ಲಿ, 2002ರಲ್ಲಿ, ವಾರಕ್ಕೆ 150 ನಿಮಿಷ ನಡಿಗೆ ಮತ್ತು ಶೇಕಡಾ 7ರಷ್ಟು ತೂಕ ಇಳಿಸುವ ಗುರಿ ಇಟ್ಟುಕೊಂಡವರಿಗೆ ಅಪಾಯ ಶೇಕಡಾ 58 ಕಡಿಮೆಯಾಯಿತು. 80 ಕಿಲೋ ಇರುವವರಿಗೆ ಶೇಕಡಾ 7 ಎಂದರೆ ಐದೂವರೆ ಕಿಲೋ. ಅಷ್ಟನ್ನು ನಿಧಾನವಾಗಿ ಇಳಿಸಿ ಉಳಿಸಿಕೊಂಡರೆ ಸಾಕಷ್ಟು ಆಯಿತು.

ಇಳಿಸಿ ಉಳಿಸಿಕೊಂಡವರೂ ಇದ್ದಾರೆ. ಅಮೆರಿಕದಲ್ಲಿ 1994ರಿಂದ ಅಂಥವರ ಒಂದು ದಾಖಲೆ ಪುಸ್ತಕವೇ ಇದೆ. 13.6 ಕಿಲೋವಾದರೂ ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರು ಮಾತ್ರ ಅದಕ್ಕೆ ಸೇರಬಹುದು. ಅವರಲ್ಲಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ಮೈ ದಂಡಿಸುತ್ತಾರೆ, ಬೆಳಗಿನ ತಿಂಡಿ ಬಿಡುವುದಿಲ್ಲ, ಮನೆಯಲ್ಲಿ ತಮ್ಮಷ್ಟಕ್ಕೆ ತೂಕ ನೋಡಿಕೊಳ್ಳುತ್ತಾರೆ. ಇದು ನಲವತ್ತು ದಿನದ ಕೆಲಸವಲ್ಲ, ಬದುಕಿಡೀ ಮಾಡುವಂಥದ್ದು. ಮಾಡಿದವರಿಗೆ ನನ್ನ ಗೌರವವಿದೆ. ಎಲ್ಲರಿಗೂ ಅಷ್ಟು ಬಿಡುವು, ಅಷ್ಟು ಹಣ, ಅಂಥ ದೇಹ ಇರುವುದಿಲ್ಲ ಎಂಬುದೂ ಗೊತ್ತಿರಲಿ.

ಹಾಗಾಗಿ ಸ್ಪರ್ಧೆಯ ಬದಲಿಗೆ ನನ್ನ ಸಲಹೆ ಇವು.

ಒಂದು, ತಪಸ್ಸು ಕಾಲದ ನಲವತ್ತು ದಿನವೂ ಸಂಜೆ ಅರ್ಧ ಗಂಟೆ ಒಟ್ಟಿಗೆ ನಡೆಯೋಣ. ಒಬ್ಬೊಬ್ಬರೇ ಹೋಗಲು ನಾಚುವವರು, ಕತ್ತಲೆಗೆ ಹೆದರುವ ಹೆಣ್ಣುಮಕ್ಕಳು, ಮಂಡಿ ನೋವಿನ ಅಮ್ಮಂದಿರು ಎಲ್ಲರೂ ಬರಲಿ. ನಿಧಾನವಾಗಿ ನಡೆಯುವವರ ವೇಗವೇ ಎಲ್ಲರ ವೇಗವಾಗಿರಲಿ.

ಎರಡು, ಹತ್ತಿರದ ಕುಟುಂಬಾರೋಗ್ಯ ಕೇಂದ್ರದವರನ್ನು ಕೇಳಿಕೊಂಡು ಒಂದು ಭಾನುವಾರ ರಕ್ತದೊತ್ತಡ, ಸಕ್ಕರೆ ನೋಡುವ ಏರ್ಪಾಡು ಮಾಡೋಣ. ಸಣ್ಣವರು, ದಪ್ಪವರು ಎಲ್ಲರಿಗೂ. ಸೊಂಟದ ಅಳತೆ ಬೇಕಿದ್ದರೆ ಪರದೆಯ ಹಿಂದೆ ಆಗಲಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ವೈದ್ಯರನ್ನು ಕಾಣಲಿ. ಯಾರ ಅಂಕಿಯೂ ಹೊರಗೆ ಬರಬಾರದು.

ಮೂರು, ನಮ್ಮ ಹಬ್ಬ, ಸಭೆಗಳ ತಿಂಡಿಯಲ್ಲಿ ಗೋಳಿಬಜೆ, ಕೇಕು, ಬಣ್ಣದ ಪಾನೀಯದ ಜೊತೆಗೆ ಬೇಯಿಸಿದ ಕಡಲೆ, ಹೆಸರುಕಾಳು, ಹಣ್ಣು, ಮಜ್ಜಿಗೆಯೂ ಇರಲಿ. ಸುತ್ತಲಿನದ್ದು ಬದಲಾಗಬೇಕು ಎಂದೆನಲ್ಲ, ನಮ್ಮ ಕೈಯಲ್ಲಿರುವ ಸುತ್ತಲು ಇದು.

ನಾಲ್ಕು, ಈ ತಪಸ್ಸು ಕಾಲದಲ್ಲಿ ಒಂದು ನಿಜವಾದ ಉಪವಾಸ ಮಾಡೋಣ. ಯಾರ ಮೈಯ ಬಗ್ಗೆಯೂ ಮಾತಾಡದ ಉಪವಾಸ. "ದಪ್ಪ ಆಗಿದ್ದೀ" ಬೇಡ, "ಸಣ್ಣಗಾಗಿ ಚಂದ ಕಾಣ್ತೀ" ಎಂಬುದೂ ಬೇಡ. ಸಣ್ಣಗಾದದ್ದು ಕಾಯಿಲೆಯಿಂದಲೋ, ದುಃಖದಿಂದಲೋ ನಮಗೇನು ಗೊತ್ತು? ಊರಿಗೆ ಬಂದವರನ್ನು ಹೇಗಿದ್ದೀ ಎಂದು ಕೇಳೋಣ, ಅವರು ಹೇಳುವವರೆಗೆ ಕಾಯೋಣ. ನಲವತ್ತು ದಿನ ನಾಲಿಗೆ ಕಟ್ಟುವುದು ಬಾಯಿ ಕಟ್ಟುವುದಕ್ಕಿಂತ ಕಷ್ಟ. ಮನೋಬಲದ ಬಗ್ಗೆ ಮಾತಾಡುವವರು ಅದನ್ನು ಇಲ್ಲಿ ತೋರಿಸಲಿ.

ನಮ್ಮಲ್ಲಿ ಪೂಜೆಗೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತು, ಆಶೀರ್ವಾದ ಮುಗಿದ ಕೂಡಲೇ ಯಾರ ಕಣ್ಣಿಗೂ ಬೀಳದೆ ಹೊರಟುಹೋಗುವವರಿದ್ದಾರೆ. ಯುವಜನರ ನೃತ್ಯಕ್ಕೆ ಹೆಸರು ಕೊಡದವರಿದ್ದಾರೆ, ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿಗೆ ಸರಿಯುವವರಿದ್ದಾರೆ. ಹಾಲ್‌ನಲ್ಲಿ ತಕ್ಕಡಿ ಇಟ್ಟರೆ ಅವರು ಅಷ್ಟಕ್ಕೂ ಬರುವುದಿಲ್ಲ. ಅವರಿಗೆ ಒಳ್ಳೆಯದಾಗಲಿ ಎಂದು ಮಾಡುವ ಕೆಲಸ ಅವರನ್ನೇ ದೂರ ಮಾಡಿದರೆ ನಾವು ಯಾರಿಗಾಗಿ ಮಾಡಿದ ಹಾಗಾಯಿತು?

ಮುಂದಿನ ಭಾನುವಾರ ಎರಡನೇ ಪೂಜೆಯ ನಂತರ ಸಭೆ ಇದೆ. ಸ್ಪರ್ಧೆಯ ವಿಷಯ ತೀರ್ಮಾನವಾಗುವುದು ಆಗಲೇ. ಇದನ್ನು ಓದಿದ ಮೇಲೂ ಸ್ಪರ್ಧೆ ಬೇಕು ಎನ್ನುವವರು ಬನ್ನಿ, ವಾದ ಮಾಡೋಣ. ಬೇಡ ಎನ್ನುವವರು ತಪ್ಪದೆ ಬನ್ನಿ. ಮನೆಯಲ್ಲೇ ಕುಳಿತು ಬೇಡ ಎಂದರೆ ಲೆಕ್ಕಕ್ಕೆ ಬರುವುದಿಲ್ಲ. ಬರುವಾಗ ನಡೆದೇ ಬನ್ನಿ, ದಾರಿಯಲ್ಲಿ ಪಕ್ಕದ ಮನೆಯವರನ್ನೂ ಕರೆದುಕೊಂಡು ಬನ್ನಿ.

ದೇವರು ಎಲ್ಲರಿಗೂ ಒಳ್ಳೆಯ ಆರೋಗ್ಯ ಕೊಡಲಿ.